ಕಪ್ಪು-ಬಿಳುಪು ಹಕ್ಕಿಗಳ ಫೋಟೊ: ಬಿಳಿ ಗರಿ ಉಳಿಯಬೇಕು, ಕಪ್ಪು ಕಪ್ಪಾಗಿಯೇ ಇರಬೇಕು

ಮಾರ್ಚ್ ತಿಂಗಳ ಬೆಳಗ್ಗೆ ಕಾಸರಗೋಡು ಕಡೆಯ ಯಾವ ಅಡಕೆ ತೋಟಕ್ಕೆ ಹೋದರೂ ಮಡಿವಾಳ ಹಕ್ಕಿಯ ಹಾಡು ಕೇಳಿಸುತ್ತದೆ. ಗಂಡು ಹಕ್ಕಿಯ ತಲೆ, ಎದೆ, ಬೆನ್ನು ಕಡುಗಪ್ಪು. ಹೊಟ್ಟೆ, ರೆಕ್ಕೆಯ ಮೇಲಿನ ಪಟ್ಟಿ, ಬಾಲದ ಅಂಚು ಅಚ್ಚ ಬಿಳುಪು. ಭಾಷೆ ಬೇರೆಯಾದರೂ ಹಕ್ಕಿಗೆ ಜನ ಇಟ್ಟ ಹೆಸರು ಒಂದೇ ಜಾಡಿನದು. ಕನ್ನಡದಲ್ಲಿ ಮಡಿವಾಳ, ಮಲಯಾಳದಲ್ಲಿ ಮಣ್ಣಾತ್ತಿಪ್ಪುಳ್ಳ್. ಎರಡೂ ಬಟ್ಟೆ ಒಗೆಯುವವರ ಹೆಸರಿನಿಂದಲೇ ಬಂದವು. ಬಾಂಗ್ಲಾದೇಶಕ್ಕೆ ಇದು ರಾಷ್ಟ್ರಪಕ್ಷಿ.

ಇಷ್ಟು ಸುಲಭವಾಗಿ ಕಣ್ಣಿಗೆ ಬೀಳುವ, ಮನುಷ್ಯರಿಗೆ ಹೆಚ್ಚು ಹೆದರದ ಹಕ್ಕಿಯ ಒಳ್ಳೆಯ ಫೋಟೊ ಮಾತ್ರ ಸುಲಭವಾಗಿ ಸಿಗುವುದಿಲ್ಲ. ಹತ್ತು ಫೋಟೊ ತೆಗೆದರೆ ಐದರಲ್ಲಿ ಹೊಟ್ಟೆಯ ಜಾಗದಲ್ಲಿ ಖಾಲಿ ಕಾಗದ. ಉಳಿದ ಐದರಲ್ಲಿ ಹೊಟ್ಟೆ ಸರಿಯಾಗಿದೆ, ಆದರೆ ತಲೆ ಇರಬೇಕಾದಲ್ಲಿ ಕಣ್ಣಿಲ್ಲದ ಕಪ್ಪು ತೂತು! ದುಬಾರಿ ಕ್ಯಾಮೆರಾ ಕೊಂಡವರೂ ಈ ಕಷ್ಟದಿಂದ ಪಾರಾದವರಲ್ಲ. ಇದಕ್ಕೆ ಕಾರಣ ಕ್ಯಾಮೆರಾ ಬೆಳಕನ್ನು ಅಳೆಯುವ ರೀತಿಯಲ್ಲಿದೆ. ಅದನ್ನು ಅರಿತುಕೊಂಡರೆ ಅರ್ಧ ಕೆಲಸ ಮುಗಿದಂತೆ.

ಸುತ್ತಮುತ್ತ ಇರುವ ಹಕ್ಕಿಗಳು

ಗಡಿಭಾಗದ ಕನ್ನಡಿಗರಿಗೆ ಈ ಬಗೆಯ ಹಕ್ಕಿಗಳಿಗೆ ಕೊರತೆಯಿಲ್ಲ. ಹೊಸೂರಿನಂಥ ಊರುಗಳ ಕೆರೆ, ಅಣೆಕಟ್ಟುಗಳ ಹಿನ್ನೀರಿನಲ್ಲಿ ಕಪ್ಪು-ಬಿಳಿ ಮಿಂಚುಳ್ಳಿ ನೀರಿನ ಮೇಲೆ ಒಂದೇ ಕಡೆ ರೆಕ್ಕೆ ಬಡಿಯುತ್ತಾ ನಿಂತು, ಕಲ್ಲಿನಂತೆ ಕೆಳಗೆ ಬೀಳುತ್ತದೆ. ಸೊಲ್ಲಾಪುರದ ಹಿಪ್ಪರಗಾ ಕೆರೆಯಂಥ ಕಡೆ ಆಳವಿಲ್ಲದ ನೀರಿನಲ್ಲಿ ಮೆಟ್ಟುಗಾಲು ಹಕ್ಕಿಗಳು ಕೆಂಪು ಕಡ್ಡಿಗಳಂಥ ಕಾಲೂರಿ ನಡೆಯುತ್ತವೆ. ಅವುಗಳ ರೆಕ್ಕೆ ಕಪ್ಪು, ಮೈ ಬಿಳುಪು. ನೀಲಗಿರಿಯಲ್ಲಿ, ಬಡಗರ ಹಟ್ಟಿಗಳ ಸುತ್ತಿನ ಚಹಾ ತೋಟ, ಹುಲ್ಲುಗಾವಲುಗಳಲ್ಲಿ, ಬೇಲಿಗೂಟದ ಮೇಲೆ ಕೂರುವ ಪುಟ್ಟ ಕಪ್ಪು ಹಕ್ಕಿಯೊಂದಿದೆ. ಇಂಗ್ಲಿಷಿನಲ್ಲಿ ಅದು ಪೈಡ್ ಬುಶ್‌ಚಾಟ್. ಅದರ ಗಂಡು ಪೂರ್ತಿ ಕಪ್ಪು, ರೆಕ್ಕೆಯಲ್ಲೊಂದು ಬಿಳಿ ಮಚ್ಚೆ, ಬಾಲದ ಬುಡದಲ್ಲಿ ಬಿಳುಪು. ಈ ಬೆಟ್ಟಗಳ ಉಪಜಾತಿಗೆ ನೀಲಗಿರಿಯೆನ್ಸಿಸ್ ಎಂದೇ ಹೆಸರು.

ವಯನಾಡಿನ ಬಿದಿರುಮೆಳೆಗಳ ನೆರಳಿನಲ್ಲಿ ಬಾಲದಂಡೆ ಹಕ್ಕಿ ಸಿಕ್ಕರೆ, ಬಲಿತ ಬಿಳಿ ಗಂಡಿನ ತಲೆ ಮಾತ್ರ ಕಪ್ಪು. ಉದ್ದದ ಬಾಲ ಬಿಳಿ ಲಾಡಿಯಂತೆ ತೇಲುತ್ತದೆ. ಗೋವಾದ ಮೊಲೆಂ, ಕೋಟಿಗಾಂವ್ ಕಾಡುಗಳಲ್ಲೂ, ಗಡಿಯ ಈಚೆ ದಾಂಡೇಲಿಯಲ್ಲೂ ಮಲೆನಾಡಿನ ಕಪ್ಪು-ಬಿಳಿ ಮಂಗಟ್ಟೆ ಇದೆ. ಮಡಕಶಿರಾ ಇರುವ ಶ್ರೀ ಸತ್ಯಸಾಯಿ ಜಿಲ್ಲೆಯದೇ ಹಳ್ಳಿ ವೀರಾಪುರಂ. ಅಲ್ಲಿ ಬಣ್ಣದ ಕೊಕ್ಕರೆಗಳು ಊರೊಳಗಿನ ಮರಗಳಲ್ಲೇ ಗೂಡು ಕಟ್ಟುತ್ತವೆ. ಹೆಸರಿಗೆ ಬಣ್ಣದ ಕೊಕ್ಕರೆಯಾದರೂ, ಬಾಲದ ಬಳಿಯ ಗುಲಾಬಿ ಮತ್ತು ಮುಖ, ಕೊಕ್ಕಿನ ಹಳದಿ-ಕಿತ್ತಳೆ ಬಿಟ್ಟರೆ ಮೈಯೆಲ್ಲ ಬಿಳಿ ಮತ್ತು ಕಪ್ಪೇ. ಕಾಸರಗೋಡು ಜಿಲ್ಲೆ 2023ರಲ್ಲಿ ತನ್ನ ಜಿಲ್ಲಾಪಕ್ಷಿಯೆಂದು ಘೋಷಿಸಿದ ಬಿಳಿಹೊಟ್ಟೆಯ ಕಡಲ ಹದ್ದು ಕಪ್ಪಲ್ಲ, ಬೂದು. ಆದರೂ ಆಕಾಶದ ಎದುರು ಅದರ ಫೋಟೊ ತೆಗೆಯುವವರಿಗೆ ತೊಂದರೆ ಇದೇ.

ಇನ್ನು ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯ ರೈತರಿಗೆ ಪರಿಚಯ ಮಾಡಿಕೊಡಬೇಕಾಗಿಯೇ ಇಲ್ಲದ ಹಕ್ಕಿ ಚಾತಕ. ತಲೆಯ ಮೇಲೆ ಕಪ್ಪು ಜುಟ್ಟು, ಬೆನ್ನು ಕಪ್ಪು, ಕೆಳಗೆಲ್ಲ ಬಿಳುಪು. ಮಳೆಯ ಮುಂದೆಯೇ ಬರುವ ಈ ಹಕ್ಕಿಯ ವಿಷಯ ಮುಂದೆ ಮತ್ತೆ ಬರುತ್ತದೆ.

ಕ್ಯಾಮೆರಾಕ್ಕೆ ಕಾಣುವುದು ಬೂದು

ಕ್ಯಾಮೆರಾದೊಳಗಿನ ಬೆಳಕು ಅಳೆಯುವ ಮಾಪಕಕ್ಕೆ ಹಕ್ಕಿ ಯಾವುದು, ಎಲೆ ಯಾವುದು ಎಂಬುದು ಮೂಲತಃ ಗೊತ್ತಿಲ್ಲ. ತನ್ನ ಎದುರಿನ ದೃಶ್ಯ ಸರಾಸರಿಯಲ್ಲಿ ಮಧ್ಯಮ ಬೂದು ಎಂದು ಅದು ಊಹಿಸುತ್ತದೆ. ಛಾಯಾಗ್ರಾಹಕರು ಹಿಂದಿನಿಂದಲೂ ಬಳಸುತ್ತಿರುವ ಬೂದು ಕಾರ್ಡು ಬಿದ್ದ ಬೆಳಕಿನ ಶೇ. 18ರಷ್ಟನ್ನು ಮಾತ್ರ ಹಿಂದಿರುಗಿಸುತ್ತದೆ. ಅದೇ ಈ ಊಹೆಯ ಅಳತೆಗೋಲು. ಕತ್ತಲೆ ತೋಟ ಎದುರಿದ್ದರೆ ಮಾಪಕ ಅದನ್ನು ಬೂದು ಮಾಡಲು ಬೆಳಕು ಹೆಚ್ಚಿಸುತ್ತದೆ. ಮಧ್ಯದಲ್ಲಿ ಕೂತ ಮಡಿವಾಳನ ಹೊಟ್ಟೆ ಸುಟ್ಟುಹೋಗುತ್ತದೆ. ಬಿಳಿ ಮೋಡ ಎದುರಿದ್ದರೆ ಅದನ್ನೂ ಬೂದು ಮಾಡಲು ಬೆಳಕು ಇಳಿಸುತ್ತದೆ. ಹಕ್ಕಿ ಬರೀ ನೆರಳಾಗುತ್ತದೆ. ಹೊಸ ಕ್ಯಾಮೆರಾಗಳು ಹಕ್ಕಿಯ ಕಣ್ಣನ್ನೇ ಗುರುತಿಸಿ ಫೋಕಸ್ ಮಾಡುವಷ್ಟು ಜಾಣವಾಗಿವೆ, ನಿಜ. ಆದರೆ ಆ ಜಾಣತನ ಫೋಕಸ್‌ಗೆ ಒದಗಿದಷ್ಟು ಬೆಳಕಿನ ಲೆಕ್ಕಕ್ಕೆ ಇನ್ನೂ ಒದಗಿಲ್ಲ.

ಇಲ್ಲಿ ‘ಸ್ಟಾಪ್’ ಎಂಬ ಅಳತೆ ತಿಳಿದಿರಬೇಕು. ಬೆಳಕು ಎರಡು ಪಟ್ಟಾದರೆ ಒಂದು ಸ್ಟಾಪ್ ಹೆಚ್ಚು, ಅರ್ಧವಾದರೆ ಒಂದು ಸ್ಟಾಪ್ ಕಡಿಮೆ. ಒಂದೇ ಬೆಳಕಿನಲ್ಲಿರುವ ಬಿಳಿ ಗರಿಗೂ ಕಪ್ಪು ಗರಿಗೂ ನಡುವಿನ ಅಂತರ ಸರಿಸುಮಾರು ನಾಲ್ಕೈದು ಸ್ಟಾಪ್. ಇಷ್ಟನ್ನು ಇವತ್ತಿನ ಯಾವ ಕ್ಯಾಮೆರಾವೂ ಸಲೀಸಾಗಿ ಹಿಡಿಯುತ್ತದೆ. ಕಷ್ಟ ಶುರುವಾಗುವುದು ಬಿಳಿ ಭಾಗಕ್ಕೆ ಬಿಸಿಲು ಬಿದ್ದು, ಕಪ್ಪು ಭಾಗ ನೆರಳಿಗೆ ಹೋದಾಗ. ಆಗ ಅಂತರಕ್ಕೆ ಇನ್ನೂ ಎರಡು ಮೂರು ಸ್ಟಾಪ್ ಸೇರುತ್ತದೆ. ಹಕ್ಕಿ ಕಪ್ಪು-ಬಿಳುಪು ಎಂಬುದು ನಿಜವಾದ ಸಮಸ್ಯೆಯಲ್ಲ, ಅದರ ಮೇಲೆ ಬೀಳುವ ಬಿಸಿಲು-ನೆರಳೇ ಸಮಸ್ಯೆ.

ಫಿಲ್ಮ್ ಕಾಲದವರಿಗೆ ಈ ಲೆಕ್ಕ ಬೇರೆಯಾಗಿತ್ತು. ಕಪ್ಪು-ಬಿಳುಪು ನೆಗೆಟಿವ್ ಫಿಲ್ಮ್ ಹೆಚ್ಚಿನ ಬೆಳಕನ್ನು ತಕ್ಕಮಟ್ಟಿಗೆ ತಾಳಿಕೊಳ್ಳುತ್ತಿತ್ತು, ನೆರಳಿನಲ್ಲಿ ಬೆಳಕು ಸಾಲದಿದ್ದರೆ ಮಾತ್ರ ಕೈಕೊಡುತ್ತಿತ್ತು. ಹೀಗಾಗಿ ನೆರಳಿಗೆ ಸಾಕಷ್ಟು ಬೆಳಕು ಕೊಡು ಎಂಬುದು ಅಂದಿನ ಪಾಠ. 1940ರ ದಶಕದಲ್ಲಿ ರಾಯದುರ್ಗಕ್ಕೆ ಅಷ್ಟೇನೂ ದೂರವಲ್ಲದ ಸಂಡೂರು ಸಂಸ್ಥಾನದಲ್ಲಿ ಉದ್ಯೋಗದಲ್ಲಿದ್ದು, ಮುಂದೆ ದೇಶದ ಹೆಸರಾಂತ ವನ್ಯಜೀವಿ ಛಾಯಾಗ್ರಾಹಕರಾದ ಎಂ. ಕೃಷ್ಣನ್ (1912-1996) ಕಪ್ಪು-ಬಿಳುಪು ಫಿಲ್ಮನ್ನೇ ನೆಚ್ಚಿಕೊಂಡವರು. ಡಿಜಿಟಲ್ ಸೆನ್ಸರ್ ಇದಕ್ಕೆ ತದ್ವಿರುದ್ಧ. ನೆರಳಿನಿಂದ ಅದು ಸಾಕಷ್ಟು ವಿವರ ಮರಳಿ ಕೊಡುತ್ತದೆ. ಬಿಳುಪು ಒಮ್ಮೆ ತುಂಬಿ ಹರಿದರೆ ಆಮೇಲೆ ಯಾವ ತಂತ್ರಾಂಶವೂ ಅದನ್ನು ತರಲಾರದು. ಹಾಗಾಗಿ ಇಂದಿನ ಪಾಠ ತಿರುಗಿದೆ: ಮೊದಲು ಬಿಳಿಯನ್ನು ಕಾಪಾಡು, ಕಪ್ಪನ್ನು ಆಮೇಲೆ ನೋಡಿಕೋ.

ಎಷ್ಟು ಇಳಿಸಬೇಕು, ಎಷ್ಟು ಏರಿಸಬೇಕು

ಕಪ್ಪು-ಬಿಳುಪು ಹಕ್ಕಿಗೆ ಬೆಳಕು ಇಳಿಸಿಯೇ ತೆಗೆಯಬೇಕು ಎಂದು ಕೆಲವರು ಸೂತ್ರ ಹೇಳುವುದುಂಟು. ಇದು ಅರ್ಧ ಸತ್ಯ. ಫ್ರೇಮಿನಲ್ಲಿ ಹಕ್ಕಿಗಿಂತ ಹಿನ್ನೆಲೆಯೇ ಹೆಚ್ಚು ಜಾಗ ತುಂಬಿರುತ್ತದೆ. ಮಾಪಕ ಹಿನ್ನೆಲೆಯನ್ನೇ ಹೆಚ್ಚಾಗಿ ಅಳೆಯುತ್ತದೆ. ಆದ್ದರಿಂದ ತೀರ್ಮಾನ ಮಾಡುವಾಗ ಹಿನ್ನೆಲೆ ನೋಡಬೇಕು.

ಕಡುಹಸಿರು ತೋಟದ ಎದುರು ಬಿಸಿಲಿನಲ್ಲಿ ಕೂತ ಮಡಿವಾಳನಿಗೆ ಎಕ್ಸ್‌ಪೋಶರ್ ಕಾಂಪೆನ್ಸೇಶನ್ ಮೈನಸ್ 2/3ರಿಂದ ಮೈನಸ್ 1 1/3ರವರೆಗೆ ಬೇಕಾಗುತ್ತದೆ. ಅದೇ ಹಕ್ಕಿ ಹಾರಿ ತೆಂಗಿನ ಗರಿಯ ತುದಿಗೆ ಕೂತು, ಹಿಂದೆ ಬಿಳಿ ಮೋಡ ಬಂದರೆ ಪ್ಲಸ್ 1ರಿಂದ ಪ್ಲಸ್ 2. ಹಕ್ಕಿ ಒಂದೇ, ಅದರ ಮೇಲೆ ಬೀಳುವ ಬೆಳಕೂ ಹೆಚ್ಚುಕಡಿಮೆ ಒಂದೇ, ಆದರೆ ತಿದ್ದುಪಡಿ ಮೂರು ಸ್ಟಾಪಿನಷ್ಟು ಬದಲಾಯಿತು! ನೀಲಿ ನೀರಿನ ನಡುವಿನ ಮೆಟ್ಟುಗಾಲು ಹಕ್ಕಿಗೆ ಸೊನ್ನೆಯಿಂದ ಮೈನಸ್ 2/3 ಸಾಮಾನ್ಯವಾಗಿ ಸಾಕು. ಇವು ಆರಂಭದ ಅಂಕಿಗಳಷ್ಟೆ. ಕ್ಯಾಮೆರಾದಿಂದ ಕ್ಯಾಮೆರಾಕ್ಕೆ ವ್ಯತ್ಯಾಸವಿದೆ.

ಹಕ್ಕಿ ಮೇಲಿಂದ ಮೇಲೆ ಜಾಗ ಬದಲಿಸುತ್ತಿದ್ದರೆ ಮಾಪಕದ ಹಂಗನ್ನೇ ಬಿಟ್ಟು ಮ್ಯಾನ್ಯುಯಲ್‌ಗೆ ಹೋಗುವುದು ಲೇಸು. ಸ್ಥಿರವಾದ ಬಿಸಿಲಿದ್ದರೆ ಹಿನ್ನೆಲೆ ಏನೇ ಬದಲಾದರೂ ಹಕ್ಕಿಗೆ ಬೇಕಾದ ಎಕ್ಸ್‌ಪೋಶರ್ ಬದಲಾಗದು. ಹಳಬರ ‘ಸನ್ನಿ 16’ ನಿಯಮ ಇಲ್ಲಿ ಈಗಲೂ ಉಪಯೋಗಕ್ಕೆ ಬರುತ್ತದೆ: ಒಳ್ಳೆಯ ಬಿಸಿಲಿನಲ್ಲಿ ಎಫ್/16 ಇಟ್ಟರೆ ಶಟರ್ ವೇಗ ಐಎಸ್‌ಒ ಅಂಕಿಯಷ್ಟೇ ಇರಬೇಕು. ಐಎಸ್‌ಒ 400 ಆದರೆ ಎಫ್/16ರಲ್ಲಿ 1/400 ಸೆಕೆಂಡು, ಅದಕ್ಕೆ ಸಮನಾಗಿ ಎಫ್/5.6ರಲ್ಲಿ 1/3200. ಬಿಳಿ ಭಾಗ ಹೆಚ್ಚಿರುವ ಹಕ್ಕಿಗೆ ಇನ್ನೂ ಸ್ವಲ್ಪ ಇಳಿಸಿ 1/5000 ಮಾಡಿಕೊಂಡರೆ ಗರಿಯ ಗೆರೆಗಳು ಉಳಿಯುತ್ತವೆ. ಬೆಳಗಿನ ಎಳೆ ಬಿಸಿಲಿಗೆ ಈ ಅಂಕಿ ಹೊಂದುವುದಿಲ್ಲ, ಬೆಳಕು ಕಡಿಮೆ ಇರುತ್ತದೆ. ಅಲ್ಲಿ ಒಂದು ಪರೀಕ್ಷಾ ಫೋಟೊ ತೆಗೆದು ನೋಡಿಯೇ ನಿರ್ಧರಿಸಬೇಕು.

ನೋಡುವುದೆಂದರೆ ಪರದೆಯ ಮೇಲಿನ ಚಿತ್ರವನ್ನಲ್ಲ. ಬಿಸಿಲಿನಲ್ಲಿ ಪರದೆ ಸುಳ್ಳು ಹೇಳುತ್ತದೆ. ಹಿಸ್ಟೋಗ್ರಾಂ ಮತ್ತು ಹೈಲೈಟ್ ಎಚ್ಚರಿಕೆ ನೋಡಬೇಕು. ಹೈಲೈಟ್ ಎಚ್ಚರಿಕೆ ಚಾಲೂ ಇದ್ದರೆ ಸುಟ್ಟುಹೋದ ಬಿಳಿ ಭಾಗ ಪರದೆಯಲ್ಲಿ ಮಿಣುಕುತ್ತದೆ. ಹಕ್ಕಿಯ ಹೊಟ್ಟೆ ಮಿಣುಕಿದರೆ 1/3 ಸ್ಟಾಪ್ ಇಳಿಸಿ ಮತ್ತೆ ತೆಗೆಯಬೇಕು. ಹಿಂದಿನ ಆಕಾಶ ಮಿಣುಕಿದರೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಹಿಸ್ಟೋಗ್ರಾಂನಲ್ಲೂ ಒಂದು ಮೋಸವಿದೆ. ಹಕ್ಕಿ ಫ್ರೇಮಿನಲ್ಲಿ ಚಿಕ್ಕದಾಗಿದ್ದರೆ ಅದರ ಬಿಳುಪು ಬಲತುದಿಯಲ್ಲಿ ಕಂಡೂ ಕಾಣದ ಸಣ್ಣ ಗೀಟಾಗಿರುತ್ತದೆ. ಮಧ್ಯದ ದೊಡ್ಡ ಗುಡ್ಡ ಬರೀ ಎಲೆಗಳದ್ದು. ಆ ಸಣ್ಣ ಗೀಟು ಅಂಚಿಗೆ ಒತ್ತಿಕೊಂಡಿದೆಯೋ ಇಲ್ಲವೋ ಎಂಬುದೇ ಮುಖ್ಯ.

ಮೊಬೈಲಿನಲ್ಲಿ ತೆಗೆಯುವವರಿಗೂ ಇದೇ ಉಪಾಯ ಬೇರೆ ರೂಪದಲ್ಲಿದೆ. ಪರದೆಯ ಮೇಲೆ ಹಕ್ಕಿಯನ್ನು ಮುಟ್ಟಿದರೆ ಹೆಚ್ಚಿನ ಫೋನುಗಳಲ್ಲಿ ಸೂರ್ಯನ ಚಿಹ್ನೆ ಬರುತ್ತದೆ. ಅದನ್ನು ಕೆಳಗೆ ಎಳೆದು ಬಿಳಿಯಲ್ಲಿ ವಿವರ ಕಂಡಾಗ ಒತ್ತಬೇಕು.

ಬೆಳಕು ಆರಿಸಿಕೊಂಡವರು ಗೆದ್ದರು

ಮಧ್ಯಾಹ್ನ ಹನ್ನೆರಡರ ಬಿಸಿಲಿನಲ್ಲಿ ಬೆನ್ನಿನ ಮೇಲೆ ಬೆಳಕು, ಹೊಟ್ಟೆಯ ಕೆಳಗೆ ಕತ್ತಲೆ. ಮಂಗಟ್ಟೆಯಂಥ ಹಕ್ಕಿಗೆ ಬೆನ್ನು ಕಪ್ಪು, ಹೊಟ್ಟೆ ಬಿಳಿ. ಆದ್ದರಿಂದ ಇದರಿಂದ ಅಷ್ಟು ನಷ್ಟವಿಲ್ಲ ಎನ್ನಿಸಬಹುದು. ಆದರೆ ಕಣ್ಣು ಹುಬ್ಬಿನ ನೆರಳಿಗೆ ಹೋಗುತ್ತದೆ, ಗರಿಗಳ ನಯ ಸಾಯುತ್ತದೆ. ಸೂರ್ಯ ಹುಟ್ಟಿದ ಮೊದಲ ಒಂದೂವರೆ ಗಂಟೆ, ಮುಳುಗುವ ಮುಂಚಿನ ಒಂದು ಗಂಟೆ, ಬೆಳಕು ಛಾಯಾಗ್ರಾಹಕರ ಬೆನ್ನ ಹಿಂದಿನಿಂದ ಬರುವಂತಿದ್ದರೆ ಕಪ್ಪು ಬಿಳಿ ಎರಡಕ್ಕೂ ಸಮನಾಗಿ ಬೀಳುತ್ತದೆ.

ಇದಕ್ಕಿಂತ ಒಳ್ಳೆಯದು ತೆಳು ಮೋಡ. ಮಲೆಯಾಳ ನಾಡಿನ ಕಡೆ ಮಳೆ ಬಿಟ್ಟ ದಿನಗಳಲ್ಲಿ, ನೀಲಗಿರಿಯಲ್ಲಿ ಮಂಜು ಸರಿಯುವ ಹೊತ್ತಿನಲ್ಲಿ ಆಕಾಶವೇ ಒಂದು ದೊಡ್ಡ ಬಿಳಿ ಛತ್ರಿಯಾಗುತ್ತದೆ. ನೆರಳು ಗಟ್ಟಿಯಾಗಿ ಬೀಳುವುದಿಲ್ಲ. ಕಪ್ಪು ಗರಿಯಲ್ಲಿ ಅಡಗಿರುವ ನೀಲಿ ಹೊಳಪು ಕಾಣಿಸುವುದು ಇಂಥ ಬೆಳಕಿನಲ್ಲೇ. ಮಡಿವಾಳನ ಬೆನ್ನು ಬರೀ ಕಪ್ಪಲ್ಲ, ನೀಲಿ ಮಿಶ್ರಿತ ಕಪ್ಪು ಎಂಬುದನ್ನು ಹತ್ತಿರದಿಂದ ಕಂಡವರು ಬಲ್ಲರು.

ನೆಲವೂ ಬೆಳಕು ಕೊಡುತ್ತದೆ. ನೀರು ನಿಂತ ಗದ್ದೆ, ಕಡಲತೀರದ ಮರಳು, ಬಿಳಿ ಬಂಡೆ ಇವೆಲ್ಲ ಕೆಳಗಿನಿಂದ ಹಕ್ಕಿಯ ಹೊಟ್ಟೆಗೆ, ಗಲ್ಲಕ್ಕೆ ಬೆಳಕು ಎರಚುತ್ತವೆ. ಮುರಕಲ್ಲಿನ ನೆಲವಾದರೆ ಬೆಳಕಿನ ಜತೆ ಕೆಂಪನ್ನೂ ಎರಚುತ್ತದೆ. ಕಾಸರಗೋಡಿನ ಪಾರೆಗಳಲ್ಲಿ ತೆಗೆದ ಫೋಟೊಗಳಲ್ಲಿ ಬಿಳಿ ಹೊಟ್ಟೆ ಕೇಸರಿ ಛಾಯೆಗೆ ತಿರುಗಿರುವುದು ಇದರಿಂದಲೇ.

ಕಣ್ಣಿನ ಮಾತು ಬೇರೆಯಾಗಿ ಹೇಳಬೇಕು. ಕಪ್ಪು ತಲೆಯಲ್ಲಿ ಕಪ್ಪು ಕಣ್ಣು. ಅದರಲ್ಲೊಂದು ಬೆಳಕಿನ ಚುಕ್ಕೆ ಇಲ್ಲದಿದ್ದರೆ ಹಕ್ಕಿ ಬದುಕಿರುವಂತೆ ಕಾಣದು. ಈ ಚುಕ್ಕೆಯನ್ನು ಎಡಿಟಿಂಗ್‌ನಲ್ಲಿ ಅಂಟಿಸುವವರಿದ್ದಾರೆ. ಅದು ತಿಳಿದವರ ಕಣ್ಣಿಗೆ ಕೂಡಲೇ ಬೀಳುತ್ತದೆ. ಹಕ್ಕಿ ತಲೆಯನ್ನು ತುಸು ಬೆಳಕಿನ ಕಡೆಗೆ ತಿರುಗಿಸುವವರೆಗೆ ಕಾಯುವುದೇ ದಾರಿ. ಪುಣ್ಯಕ್ಕೆ ಹಕ್ಕಿಗಳು ಹೆಚ್ಚು ಹೊತ್ತು ಒಂದೇ ಕಡೆ ನೋಡುವುದಿಲ್ಲ. ಸಾಲಾಗಿ ಹತ್ತು ಹನ್ನೆರಡು ಫ್ರೇಮ್ ತೆಗೆದರೆ ಒಂದರಲ್ಲಾದರೂ ಕಣ್ಣು ಹೊಳೆಯುತ್ತದೆ.

ವೇಗದ ವಿಷಯದಲ್ಲಿ, ಕೂತ ಹಕ್ಕಿಗೆ 1/500 ಸಾಕು. ರೆಕ್ಕೆ ಬಡಿಯುತ್ತಾ ನಿಂತ ಮಿಂಚುಳ್ಳಿಗೆ 1/2500ಕ್ಕಿಂತ ಕಡಿಮೆಯಾದರೆ ರೆಕ್ಕೆಯ ಕಪ್ಪು-ಬಿಳುಪು ಕಲಸಿ ಬೂದಾಗುತ್ತದೆ. ಇಷ್ಟು ವೇಗಕ್ಕೆ ಐಎಸ್‌ಒ ಏರಿಸಬೇಕು. ಐಎಸ್‌ಒ ಒಂದೊಂದು ಪಟ್ಟು ಏರಿದಂತೆಲ್ಲ ಸೆನ್ಸರ್ ಹಿಡಿಯಬಲ್ಲ ಬೆಳಕು-ಕತ್ತಲೆಯ ಅಂತರ ಸರಿಸುಮಾರು ಒಂದು ಸ್ಟಾಪ್ ಕುಗ್ಗುತ್ತದೆ. ಐಎಸ್‌ಒ 200ರಲ್ಲಿ ಕಪ್ಪಿನಿಂದ ಹೊರತೆಗೆಯಬಹುದಾದ ವಿವರ 6400ರಲ್ಲಿ ಬರೀ ಕಾಳುಕಾಳಾಗಿ ಕಾಣುತ್ತದೆ. ಕಪ್ಪು-ಬಿಳುಪು ಹಕ್ಕಿಗೆ ಬೆಳಕಿರುವ ದಿನವನ್ನೇ ಹುಡುಕಬೇಕು ಎನ್ನುವುದಕ್ಕೆ ಇದು ಇನ್ನೊಂದು ಕಾರಣ.

ಎಡಿಟಿಂಗ್: ಮೊದಲು ರಾ ಫೈಲ್

ಜೆಪೆಗ್‌ನಲ್ಲಿ ಪ್ರತಿ ಬಣ್ಣಕ್ಕೆ 256 ಮೆಟ್ಟಿಲು. 14 ಬಿಟ್‌ನ ರಾ ಫೈಲ್‌ನಲ್ಲಿ 16,384. ಸೆನ್ಸರ್ ಬೆಳಕನ್ನು ಎಣಿಸುವ ಕ್ರಮದಿಂದಾಗಿ ಈ ಮೆಟ್ಟಿಲುಗಳಲ್ಲಿ ಅರ್ಧದಷ್ಟು ಅತಿ ಬೆಳಕಿನ ಒಂದೇ ಸ್ಟಾಪಿನಲ್ಲಿ ತುಂಬಿರುತ್ತವೆ. ಅಂದರೆ ಬಿಳಿ ಗರಿಯ ಸೂಕ್ಷ್ಮ ಗೆರೆಗಳನ್ನೆಲ್ಲ ಹಿಡಿದಿಡಲು ರಾ ಫೈಲ್‌ನಲ್ಲಿ ಬೇಕಾದಷ್ಟು ಜಾಗವಿದೆ. ಜೆಪೆಗ್ ಅದನ್ನೆಲ್ಲ ಕ್ಯಾಮೆರಾದೊಳಗೇ ಎಸೆದುಬಿಡುತ್ತದೆ. ಕ್ಯಾಮೆರಾದ ಹೈಲೈಟ್ ಎಚ್ಚರಿಕೆ ಜೆಪೆಗ್ ಲೆಕ್ಕದ್ದು. ಆದ್ದರಿಂದ ತುಸುವೇ ಮಿಣುಕಿದ ಬಿಳಿ ಎಷ್ಟೋ ಸಲ ರಾ ಫೈಲ್‌ನಲ್ಲಿ ಉಳಿದಿರುತ್ತದೆ. ಹಾಗೆಂದು ಅದನ್ನೇ ನೆಚ್ಚಿಕೊಂಡು ಕೂರುವುದು ಬೇಡ.

ಲೈಟ್‌ರೂಮ್ ಕೊಳ್ಳಲು ಹಣವಿಲ್ಲದವರಿಗೆ ಡಾರ್ಕ್‌ಟೇಬಲ್, ರಾಥೆರಪಿ ಎಂಬ ತಂತ್ರಾಂಶಗಳು ಪುಕ್ಕಟೆ ಸಿಗುತ್ತವೆ. ಮೊಬೈಲಿನಲ್ಲಿ ಸ್ನ್ಯಾಪ್‌ಸೀಡ್ ಇದೆ. ಹೆಸರು ಯಾವುದಾದರೂ ಕೆಲಸದ ಕ್ರಮ ಒಂದೇ.

ಮೊದಲು ಬಣ್ಣದ ಸಮತೋಲ. ಎಲೆಗಳ ಕೆಳಗೆ ಕೂತ ಹಕ್ಕಿಯ ಬಿಳಿ ಹಸಿರಾಗಿರುತ್ತದೆ, ನೆರಳಿನಲ್ಲಿ ನೀಲಿಯಾಗಿರುತ್ತದೆ. ಬಿಳಿ ಗರಿಯ ಮೇಲೆ ವೈಟ್ ಬ್ಯಾಲೆನ್ಸ್ ಕಡ್ಡಿಯಿಟ್ಟು ಒತ್ತಿದರೆ ಸರಿಹೋಗುತ್ತದೆ. ಆದರೆ ಸೂರ್ಯೋದಯದ ಚಿನ್ನದ ಬೆಳಕನ್ನೂ ಹೀಗೆ ತೊಳೆದು ಹಾಕಿದರೆ ಬೆಳಗ್ಗೆ ಬೇಗ ಎದ್ದು ಹೋದದ್ದು ವ್ಯರ್ಥ! ಅಲ್ಲಿ ಅರ್ಧ ಮಾತ್ರ ತಿದ್ದಬೇಕು.

ಆಮೇಲೆ ಹೈಲೈಟ್ ಇಳಿಸುವುದು. ಬಿಳಿಯಲ್ಲಿ ಗರಿಯ ಎಳೆಗಳು ಕಾಣಿಸುವವರೆಗೆ ಇಳಿಸಿದರೆ ಸಾಕು. ಪೂರ್ತಿ ಇಳಿಸಿದರೆ ಬಿಳಿ ಹೊಟ್ಟೆ ಮಾಸಿದ ಪಂಚೆಯಂತಾಗುತ್ತದೆ. ಅಂಕಿಯಲ್ಲಿ ಹೇಳುವುದಾದರೆ, 255ರಲ್ಲಿ ಅತಿ ಬಿಳಿಯ ಗರಿ 240ರಿಂದ 245ರ ಸುಮಾರಿಗೆ ಇರಲಿ. ಕಡುಗಪ್ಪು 10ರಿಂದ 15ರ ಆಸುಪಾಸಿನಲ್ಲಿರಲಿ. ಲೈಟ್‌ರೂಮ್‌ನಲ್ಲಿ ಆಲ್ಟ್ ಕೀಲಿ ಒತ್ತಿಕೊಂಡು ವೈಟ್ಸ್, ಬ್ಲ್ಯಾಕ್ಸ್ ಸ್ಲೈಡರ್ ಎಳೆದರೆ ಎಲ್ಲೆಲ್ಲಿ ವಿವರ ಕಳೆದುಹೋಗುತ್ತಿದೆ ಎಂದು ಪರದೆಯೇ ತೋರಿಸುತ್ತದೆ.

ನೆರಳು ತೆರೆಯುವ ಶ್ಯಾಡೋ ಸ್ಲೈಡರ್ ಮಾತ್ರ ಆಮಿಷದ ಸ್ಲೈಡರ್. ಎಳೆದಷ್ಟೂ ಹೊಸ ಹೊಸ ವಿವರ ಬರುತ್ತದೆ, ಸಂತೋಷವಾಗುತ್ತದೆ. ಎಳೆಯುತ್ತಾ ಹೋದರೆ ಕಪ್ಪು ಹಕ್ಕಿ ಬೂದು ಹಕ್ಕಿಯಾಗುತ್ತದೆ. ಇಡೀ ಚಿತ್ರಕ್ಕೆ ಸ್ವಲ್ಪವೇ ತೆರೆದು, ತಲೆ ಮತ್ತು ಕಣ್ಣಿನ ಸುತ್ತ ಮಾತ್ರ ಮಾಸ್ಕ್ ಹಾಕಿ ಇನ್ನಷ್ಟು ತೆರೆಯುವುದು ಜಾಣತನ. ಇತ್ತೀಚಿನ ತಂತ್ರಾಂಶಗಳು ಹಕ್ಕಿಯನ್ನು ತಾವಾಗಿಯೇ ಗುರುತಿಸಿ ಮಾಸ್ಕ್ ಹಾಕಿಕೊಡುತ್ತವೆ. ಆದರೆ ಬಿಳಿ ಆಕಾಶದ ಎದುರಿನ ಬಿಳಿ ಬಾಲ, ಕತ್ತಲೆಯ ಎದುರಿನ ಕಪ್ಪು ರೆಕ್ಕೆ ಎರಡೂ ಅವುಗಳಿಗೆ ತಪ್ಪಿಹೋಗುವುದುಂಟು. ಅಂಚನ್ನು ಕೈಯಾರೆ ತಿದ್ದಲೇಬೇಕು.

ಈ ಹಕ್ಕಿಗಳಿಗೇ ವಿಶೇಷವಾದ ಎರಡು ಕಿರಿಕಿರಿಗಳಿವೆ, ಎರಡೂ ಕಪ್ಪು-ಬಿಳಿ ಕೂಡುವ ಅಂಚಿನಲ್ಲಿ. ಒಂದು, ಲೆನ್ಸಿನ ದೋಷದಿಂದ ಅಲ್ಲಿ ಕಾಣುವ ನೇರಳೆ ಅಥವಾ ಹಸಿರು ಗೆರೆ. ಇದನ್ನು ತೆಗೆಯಲು ಕ್ರೊಮ್ಯಾಟಿಕ್ ಅಬರೇಶನ್ ಎಂಬ ಆಯ್ಕೆ ಹೆಚ್ಚಿನ ತಂತ್ರಾಂಶಗಳಲ್ಲಿ ಇದೆ. ಇನ್ನೊಂದು ಶಾರ್ಪ್‌ನಿಂಗ್ ಅತಿಯಾದಾಗ ಕಪ್ಪು ತಲೆಯ ಸುತ್ತ ಏಳುವ ಬಿಳಿ ಪ್ರಭಾವಳಿ. ಬೂದು, ಕಂದು ಹಕ್ಕಿಗಳಲ್ಲಿ ಅಡಗಿಹೋಗುವ ಈ ದೋಷ ಕಪ್ಪು-ಬಿಳುಪಿನಲ್ಲಿ ದೇವರ ಫೋಟೊದ ಹಾಗೆ ಎದ್ದು ಕಾಣುತ್ತದೆ. ರೇಡಿಯಸ್ ಅನ್ನು 0.5ರಿಂದ 0.8ರೊಳಗೆ ಇಟ್ಟು, ಮಿತವಾಗಿ ಬಳಸಬೇಕು. ಕಾಳು ತೆಗೆಯುವ ನಾಯ್ಸ್ ರಿಡಕ್ಷನ್ ಕೂಡ ಕಪ್ಪು ಭಾಗಕ್ಕಷ್ಟೇ ಸಾಕು. ಬಿಳಿಗೂ ಹಚ್ಚಿದರೆ ಗರಿ ಮೇಣದಂತಾಗುತ್ತದೆ.

ಪತ್ರಿಕೆಗೆ ಕಳುಹಿಸುವ ಫೋಟೊಗೆ ಬೇರೆ ಲೆಕ್ಕ. ಸುದ್ದಿಕಾಗದದಲ್ಲಿ ಮಸಿ ಹರಡುವುದರಿಂದ ಪರದೆಯಲ್ಲಿ ಚೆಂದ ಕಂಡ ಕಪ್ಪು ಅಲ್ಲಿ ಗಟ್ಟಿ ಮಸಿಯಾಗುತ್ತದೆ. ಅಂಥ ಪ್ರತಿಯಲ್ಲಿ ಕಪ್ಪನ್ನು ಇನ್ನೂ ಸ್ವಲ್ಪ ತೆರೆದು, ಬಿಳಿ ಹೊಟ್ಟೆ ಕಾಗದದ ಬಣ್ಣದಲ್ಲಿ ಕರಗಿಹೋಗದಂತೆ ತೆಳು ಛಾಯೆ ಉಳಿಸಿ ಬೇರೆಯಾಗಿ ಮಾಡಿಕೊಡುವುದು ಒಳ್ಳೆಯದು.

ತಿದ್ದುವುದು ಎಲ್ಲಿಗೆ ನಿಲ್ಲಬೇಕು

ಇದು ಬರೀ ಅಂದದ ಪ್ರಶ್ನೆಯಲ್ಲ. ಕೇರಳದಲ್ಲಿ 2015ರಿಂದ 2020ರವರೆಗೆ ನಡೆದ ಪಕ್ಷಿ ಅಟ್ಲಾಸ್, ಇ-ಬರ್ಡ್ ಜಾಲತಾಣ ಇವೆಲ್ಲ ಸಾಮಾನ್ಯ ಜನ ಕೊಟ್ಟ ದಾಖಲೆಗಳ ಮೇಲೆ ನಿಂತಿರುವಂಥವು. ಅನುಮಾನ ಬಂದಲ್ಲಿ ಫೋಟೊವೇ ಸಾಕ್ಷಿ. ಕಪ್ಪು-ಬಿಳುಪು ಹಕ್ಕಿಗಳಲ್ಲಿ ಗುರುತು ಇರುವುದೇ ಎಲ್ಲಿ ಕಪ್ಪು ಮುಗಿದು ಎಲ್ಲಿ ಬಿಳಿ ಶುರುವಾಗುತ್ತದೆ ಎಂಬಲ್ಲಿ.

ಮಡಿವಾಳನ ಗಂಡು ಕಪ್ಪು, ಹೆಣ್ಣು ಬೂದು. ನೆರಳನ್ನು ಅತಿಯಾಗಿ ತೆರೆದರೆ ಫೋಟೊದಲ್ಲಿ ಗಂಡು ಹೆಣ್ಣಾಗುತ್ತದೆ! ಕಾಜಾಣದ ವಿಷಯದಲ್ಲೂ ಹೀಗೆಯೇ. ಹೊಲದ ತಂತಿಯ ಮೇಲೆ ವರ್ಷವಿಡೀ ಕೂರುವ ಕಪ್ಪು ಕಾಜಾಣ, ಚಳಿಗಾಲಕ್ಕೆ ಬರುವ ಬೂದು ಕಾಜಾಣದಂತೆ ಕಾಣತೊಡಗುತ್ತದೆ. ಕಪ್ಪು ಕಾಜಾಣದ ಬಾಯಿಯ ಬುಡದಲ್ಲಿ ಸಾಮಾನ್ಯವಾಗಿ ಒಂದು ಸಣ್ಣ ಬಿಳಿ ಚುಕ್ಕೆ ಇರುತ್ತದೆ. ನಾಯ್ಸ್ ತೆಗೆಯುವ ಭರದಲ್ಲಿ ಅದೂ ಒರೆಸಿಹೋಗಬಹುದು. ಬಾಲ ಕುಣಿಸುವ ಕುಂಡೆಕುಸ್ಕಗಳಲ್ಲಿ, ನಮ್ಮ ಕೆರೆ ದಂಡೆಯ ಕಾಯಂ ವಾಸಿಗೆ ಹಣೆ ಕಪ್ಪು, ಹುಬ್ಬು ಮಾತ್ರ ಬಿಳಿ. ಚಳಿಗಾಲದ ಅತಿಥಿಗೆ ಹಣೆ, ಮುಖ ಬಿಳಿ. ಮುಖ ಸುಟ್ಟುಹೋದ ಫೋಟೊದಲ್ಲಿ ಇವೆರಡನ್ನೂ ಬೇರೆ ಮಾಡುವವರು ಯಾರು? ಕಪ್ಪು-ಬಿಳಿ ಮಿಂಚುಳ್ಳಿಯ ಗಂಡಿನ ಎದೆಯಲ್ಲಿ ಎರಡು ಕಪ್ಪು ಪಟ್ಟಿ, ಹೆಣ್ಣಿಗೆ ಒಂದೇ, ಅದೂ ಹೆಚ್ಚಾಗಿ ನಡುವೆ ತುಂಡಾದದ್ದು. ಎದೆಯ ಬಿಳಿ ಉಳಿದರೆ ಈ ಪಟ್ಟಿಗಳ ಅಂಚು ಉಳಿಯಿತು.

ಕೃತಕ ಬುದ್ಧಿಮತ್ತೆಯ ಹೊಸ ಸಾಧನಗಳು ಸುಟ್ಟುಹೋದ ಬಿಳಿ ಜಾಗದಲ್ಲಿ ಗರಿಗಳನ್ನು ಚಿತ್ರಿಸಿ ತುಂಬಿಕೊಡಬಲ್ಲವು. ನೋಡಲು ನಂಬುವಂತಿರುತ್ತದೆ. ಆದರೆ ಆ ಗರಿ ಆ ಹಕ್ಕಿಯದ್ದಲ್ಲ, ಯಂತ್ರದ ಕಲ್ಪನೆಯದ್ದು. ದಾಖಲೆಗೆ ಅದು ನಿಷ್ಪ್ರಯೋಜಕ. ವನ್ಯಜೀವಿ ಛಾಯಾಚಿತ್ರ ಸ್ಪರ್ಧೆಗಳಲ್ಲಿ ಅಂತಿಮ ಸುತ್ತಿಗೆ ಬಂದವರ ಮೂಲ ರಾ ಫೈಲ್ ಕೇಳುವುದು ಸಾಮಾನ್ಯ.

ಫೋಟೊಗಾಗಿ ಹಕ್ಕಿಗೆ ತೊಂದರೆ ಕೊಡುವ ವಿಷಯದಲ್ಲಿ ಕಾನೂನು ಸ್ಪಷ್ಟವಾಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಕಾಡುಹಕ್ಕಿಗಳ ಮೊಟ್ಟೆ, ಗೂಡಿಗೆ ಅಡ್ಡಿಪಡಿಸುವುದೂ ‘ಬೇಟೆ’ ಎಂಬ ಪದದ ವ್ಯಾಖ್ಯೆಯೊಳಗೆ ಬರುತ್ತದೆ. ಗೂಡಿನ ಮುಂದಿನ ಕೊಂಬೆ ಕಡಿದು ‘ಹಿನ್ನೆಲೆ ಸ್ವಚ್ಛ’ ಮಾಡುವವರು ಇದನ್ನು ಓದಿಕೊಳ್ಳಬೇಕು. ಮೊಬೈಲಿನಲ್ಲಿ ಮಡಿವಾಳನ ಹಾಡು ಹಾಕಿ ಅದನ್ನು ಎದುರಿಗೆ ಕರೆಸಿಕೊಳ್ಳುವುದು ಮಾರ್ಚ್-ಜೂನ್ ನಡುವೆ, ಮರಿ ಮಾಡುವ ಕಾಲದಲ್ಲಿ, ಎದುರಾಳಿ ಬಂದನೆಂದು ಅದನ್ನು ಕಂಗಾಲು ಮಾಡಿದಂತೆಯೇ. ವೀರಾಪುರಂನಲ್ಲಿ ಊರವರೇ ಕೊಕ್ಕರೆಗಳನ್ನು ಕಾಯ್ದುಕೊಂಡು ಬಂದಿದ್ದಾರೆ. ಅಲ್ಲಿ ಮರಿಗಳಿರುವ ಮರದ ಬುಡಕ್ಕೆ ಹೋಗಿ ನಿಂತರೆ ಊರವರಿಂದಲೇ ಬೈಗುಳ ಸಿಕ್ಕೀತು, ಸಿಗಲಿ ಕೂಡ.

ಚಾತಕದ ದಿನಾಂಕ

ಇನ್ನು ಚಾತಕದ ಮಾತು. ದಕ್ಷಿಣ ಭಾರತ, ಶ್ರೀಲಂಕಾಗಳಲ್ಲಿ ಇದರ ಒಂದು ಬಳಗ ಇಲ್ಲಿಯೇ ನೆಲೆಸಿದೆ. ಮಧ್ಯ ಮತ್ತು ಉತ್ತರ ಭಾರತಕ್ಕೆ ಬರುವ ಬಳಗ ಆಫ್ರಿಕಾದಿಂದ ಮುಂಗಾರು ಗಾಳಿಯ ಜತೆ ಕಡಲು ದಾಟಿ ಬರುತ್ತದೆ. ಬಂದದ್ದು ಹರಟೆಮಲ್ಲಗಳ ಗೂಡಿನಲ್ಲಿ ಮೊಟ್ಟೆಯಿಟ್ಟು ತನ್ನ ಸಂಸಾರದ ಭಾರ ಇಳಿಸಿಕೊಳ್ಳುತ್ತದೆ. 2007ರಲ್ಲಿ ಆರಂಭವಾದ ಮೈಗ್ರಂಟ್ ವಾಚ್ ಯೋಜನೆ ವಲಸೆ ಹಕ್ಕಿಗಳನ್ನು ಮೊದಲು ಕಂಡ ದಿನವನ್ನು ಜನರಿಂದಲೇ ಕೇಳಿ ಬರೆದಿಟ್ಟಿತು. 2020ರಲ್ಲಿ ಭಾರತೀಯ ವನ್ಯಜೀವಿ ಸಂಸ್ಥೆಯವರು ಎರಡು ಚಾತಕಗಳಿಗೆ ಉಪಗ್ರಹ ಟ್ಯಾಗ್ ಕಟ್ಟಿ, ಮೇಘ ಮತ್ತು ಚಾತಕ ಎಂದು ಹೆಸರಿಟ್ಟು ಹಿಂಬಾಲಿಸಿದರು.

ಸೊಲ್ಲಾಪುರ-ಜತ್ತ ಸೀಮೆಯಲ್ಲಿ ಚಾತಕದ ಫೋಟೊ ಸಿಗುವ ಹೊತ್ತು ಮೇ ಕೊನೆ, ಜೂನ್ ಮೊದಲ ವಾರಗಳು. ಆಗ ಆಕಾಶ ಬೆಳ್ಳಗೆ ಮೋಡ ಕಟ್ಟಿರುತ್ತದೆ. ಹಕ್ಕಿ ಜಾಲಿಗಿಡದ ತುದಿಯಲ್ಲಿ ಕೂಗುತ್ತಾ ಕೂತಿರುತ್ತದೆ. ಮಾಪಕವನ್ನು ನಂಬಿದರೆ ಸಿಗುವುದು ಜುಟ್ಟಿನ ನೆರಳು ಮಾತ್ರ. ಪ್ಲಸ್ ಒಂದೂವರೆಯಿಂದ ಶುರುಮಾಡಿ, ಗಂಟಲಿನ ಬಿಳಿ ಮಿಣುಕತೊಡಗಿದರೆ 1/3ರಂತೆ ಇಳಿಸಬೇಕು. ಸಾಧ್ಯವಾದರೆ ಹೊಲದ ಬದುವಿನ ಎತ್ತರಕ್ಕೆ ಹೋಗಿ, ಹಕ್ಕಿಯ ಹಿಂದೆ ಆಕಾಶದ ಬದಲು ದೂರದ ನೆಲ ಬರುವಂತೆ ನಿಂತರೆ ಕೆಲಸ ಇನ್ನೂ ಹಗುರ. ರೆಕ್ಕೆಯ ಬುಡದ ಬಿಳಿ ಮಚ್ಚೆ ಸ್ಪಷ್ಟವಾಗಿ ಬರಲಿ. ಮನೆಗೆ ಬಂದ ಮೇಲೆ ರಾ ಫೈಲ್ ಅಳಿಸದೆ, ಊರಿನ ಹೆಸರು ಸೇರಿಸಿ ತೆಗೆದಿಡಬೇಕು. ಅದಕ್ಕೂ ಮೊದಲು ಕ್ಯಾಮೆರಾದ ಗಡಿಯಾರ, ತಾರೀಖು ಸರಿಯಿದೆಯೇ ಎಂದು ಒಮ್ಮೆ ನೋಡಿಕೊಳ್ಳಬೇಕು. ಬ್ಯಾಟರಿ ಪೂರ್ತಿ ಇಳಿದು ಬಹಳ ದಿನ ಬಿದ್ದಿದ್ದ ಕ್ಯಾಮೆರಾಗಳಲ್ಲಿ ತಾರೀಖು ಹಿಂದಿನ ಯಾವುದೋ ಜನವರಿ 1ಕ್ಕೆ ಹೋಗಿ ಕೂತಿರುತ್ತದೆ.